ಇನ್ನೊಂದ್ಸಲ ಕೈ ಎತ್ತಿ ಅಂದಿದ್ದೆ

(ಕೋಲಾರದ ಸುತ್ತಮುತ್ತಲಿನ ಕ್ರೈಸ್ತ ಸಭೆಗಳ, ಅಂದರೆ ಚರ್ಚ್‌ಗಳ, ಯುವಜನರಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ನನ್ನ ಕಸುಬು ಮದುವೆ ವಿಡಿಯೋ. ಕ್ಯಾಸೆಟ್ ಕಾಲದಿಂದ ಇದೇ ಕೆಲಸ. ಇಷ್ಟು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಯಾವುದು ಗೊತ್ತಾ? "ಇನ್ನೊಂದ್ಸಲ."

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಯಾರದೋ ಕೈ ಅಡ್ಡ ಬರುತ್ತದೆ. ಇಲ್ಲ, ಅಜ್ಜಿ ಅಕ್ಷತೆ ಹಾಕಲು ಮುಂದೆ ಬಂದು ಲೆನ್ಸ್ ಮುಂದೆಯೇ ನಿಂತುಬಿಡುತ್ತಾರೆ. ಎಲ್ಲ ಮುಗಿದ ಮೇಲೆ ನಾನು ಮದುಮಗನಿಗೆ ಹೇಳುತ್ತೇನೆ, "ಇನ್ನೊಂದ್ಸಲ ಹಂಗೇ ಹಿಡ್ಕೊಳ್ಳಿ." ಅವನು ಗಂಟು ಹಾಕುವವನ ಹಾಗೆ ಹಿಡಿದುಕೊಳ್ಳುತ್ತಾನೆ. ಹುಡುಗಿ ಮತ್ತೆ ತಲೆ ತಗ್ಗಿಸುತ್ತಾಳೆ. ನಿಮ್ಮ ಮನೆಯ ಆಲ್ಬಮ್‌ಗಳಲ್ಲಿ ಇರುವುದು ಬಹಳ ಸಲ ಈ ಎರಡನೇ ತಾಳಿ. ನಮ್ಮ ಸಭೆಯ ಮದುವೆಗಳಲ್ಲಿ ಉಂಗುರವೂ ಅಷ್ಟೇ, ನಗಬೇಡಿ. ಇದರಲ್ಲಿ ಯಾರಿಗೂ ಮೋಸ ಇಲ್ಲ ಬಿಡಿ. ಮದುವೆ ಆಗಿರುವುದು ನಿಜ ತಾನೇ?

ಈಗ ಇನ್ನೊಂದು ಕತೆ. ಕೆಲವು ವರ್ಷದ ಹಿಂದೆ ಒಂದು ಉಜ್ಜೀವನ ಕೂಟಕ್ಕೆ, ಅಂದರೆ ಭಕ್ತಿ ಚಿಗುರಿಸುವ ದೊಡ್ಡ ಪ್ರಾರ್ಥನಾ ಕೂಟಕ್ಕೆ, ಕ್ಯಾಮೆರಾ ಹಿಡಿದು ಹೋಗಿದ್ದೆ. ಮೂರು ರಾತ್ರಿ ಕೂಟ. ಕೊನೆಯ ರಾತ್ರಿ ಒಬ್ಬ ಲಾರಿ ಡ್ರೈವರ್ ಹಿಂದಿನ ಸಾಲಿನಿಂದ ಎದ್ದು ಬಂದ. ಮುಂದೆ ಮೊಣಕಾಲೂರಿ, ಎರಡೂ ಕೈ ಎತ್ತಿ, ಮಗುವಿನ ಹಾಗೆ ಅತ್ತ. ನನ್ನ ಬ್ಯಾಟರಿ ಆಗತಾನೇ ಖಾಲಿಯಾಗಿತ್ತು. ಬೇರೆ ಬ್ಯಾಟರಿ ಹಾಕುವಷ್ಟರಲ್ಲಿ ಅವನು ಎದ್ದು ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಿದ್ದ. ನಾನು ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದೆ, "ಅಣ್ಣಾ, ಇನ್ನೊಂದ್ಸಲ ಕೈ ಎತ್ತಿ. ಒಂದೇ ನಿಮಿಷ."

ಎತ್ತಿದ ಪಾಪ. ಲೈಟ್ ಕಡೆ ತಿರುಗಿ, ಮೊದಲಿಗಿಂತ ಚೆನ್ನಾಗಿಯೇ ಎತ್ತಿದ. ಆ ವಿಡಿಯೋ ಚೆನ್ನಾಗಿ ಓಡಿತು. ಆದರೆ ಆಮೇಲೆ ಏನಾಯಿತು ಅಂದರೆ, ಆ ಮನುಷ್ಯ ಬೇರೆ ಕೂಟಗಳಲ್ಲಿ ಸಿಕ್ಕಾಗಲೆಲ್ಲ ಮೊದಲು ನಾನು ಎಲ್ಲಿ ನಿಂತಿದ್ದೇನೆ ಅಂತ ನೋಡುತ್ತಿದ್ದ. ನೋಡಿ, ಆ ಕಡೆ ತಿರುಗಿ ಕೈ ಎತ್ತುತ್ತಿದ್ದ. ಮೊದಲನೇ ಸಲ ಅವನು ಯಾರ ಕಡೆ ಕೈ ಎತ್ತಿದ್ದನೋ ಅದು ಬೇರೆ. ಎರಡನೆಯದನ್ನು ಕಲಿಸಿದವನು ನಾನು.

ಸಂಘಟಕರು ನನಗೆ ಕೊಟ್ಟಿರುವ ವಿಷಯ, ಸೋಶಿಯಲ್ ಮೀಡಿಯಾದಲ್ಲಿ ಅಸಲಿ ಕ್ರೈಸ್ತ ಕಂಟೆಂಟ್ ಮಾಡುವುದು ಹೇಗೆ ಅಂತ. ಯಾವ ಆ್ಯಪ್, ಯಾವ ಮೈಕ್ ಅಂತ ಕೇಳಲು ನೀವು ಬಂದಿದ್ದೀರಿ. ಅದನ್ನೂ ಹೇಳುತ್ತೇನೆ. ಆದರೆ ಮೊದಲು ಸಾಕ್ಷಿ ಅನ್ನುವ ಪದ ನೋಡೋಣ. ದೇವರು ನನಗೆ ಏನು ಮಾಡಿದ ಅಂತ ಸಭೆಯ ಮುಂದೆ ಎದ್ದು ಹೇಳುವುದು. ಭಾನುವಾರ "ಯಾರಾದರೂ ಸಾಕ್ಷಿ ಹೇಳುವವರಿದ್ದೀರಾ" ಅಂತ ಪಾಸ್ಟರ್ ಅಯ್ಯನವರು ಕೇಳುತ್ತಾರಲ್ಲ, ಆ ಪದ. ಅದು ಕೋರ್ಟಿನ ಪದವೂ ಹೌದು. ಒಂದು ಜಮೀನು ಕೇಸಿನಲ್ಲಿ ನಾನು ಸಾಕ್ಷಿ ಹೇಳಲು ಹೋಗಿದ್ದೆ. ಸುಮ್ನೆ ಸ್ವಲ್ಪ ಜಾಸ್ತಿ ಮಾತಾಡಿದೆ. ವಕೀಲರು ತಡೆದು ಕೇಳಿದರು, "ನೀವು ನೋಡಿದ್ದೋ, ಯಾರೋ ಹೇಳಿದ್ದೋ?" ಯಾರೋ ಹೇಳಿದ್ದು ಅಂದೆ. "ಹಾಗಾದರೆ ಅದು ಬೇಡ." ಮುಗಿಯಿತು. ಊರೆಲ್ಲ ಗೊತ್ತಿರುವ ವಿಷಯವೇ ಆದರೂ ಅದು ನನ್ನ ಸಾಕ್ಷಿ ಆಗಲಿಲ್ಲ.

ಯೋಹಾನನ ಸುವಾರ್ತೆಯ 9ನೇ ಅಧ್ಯಾಯ ನಿಮಗೆಲ್ಲ ಗೊತ್ತು, ಹುಟ್ಟುಕುರುಡನ ಕತೆ. ಯೇಸು ಹೇಳಿದ ಹಾಗೆ ಸಿಲೋವ ಕೊಳದಲ್ಲಿ ತೊಳೆದುಕೊಂಡು ಕಣ್ಣು ಬಂದ ಮೇಲೆ ಮೊದಲು ನೆರೆಹೊರೆಯವರು, ಆಮೇಲೆ ಫರಿಸಾಯರು, ಅಂದರೆ ಧರ್ಮಶಾಸ್ತ್ರದಲ್ಲಿ ಕಟ್ಟುನಿಟ್ಟಿನ ಯೆಹೂದ್ಯರು, ಅವನಿಗೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾರೆ. ನಿನಗೆ ಕಣ್ಣು ಕೊಟ್ಟ ಆ ಮನುಷ್ಯ ಎಲ್ಲಿ? ಗೊತ್ತಿಲ್ಲ ಅನ್ನುತ್ತಾನೆ. ಅವನು ಪಾಪಿಯೋ ಅಲ್ಲವೋ? ಅದೂ ನನಗೆ ಗೊತ್ತಿಲ್ಲ, ಒಂದು ಗೊತ್ತು, ನಾನು ಕುರುಡನಾಗಿದ್ದೆ, ಈಗ ಕಾಣುತ್ತದೆ ಅನ್ನುತ್ತಾನೆ. ಎರಡು ಸಲ ಗೊತ್ತಿಲ್ಲ, ಒಂದು ಸಲ ಗೊತ್ತು. ನಮ್ಮ ಯಾವುದಾದರೂ ರೀಲ್ಸ್‌ನಲ್ಲಿ ಇಂಥ ಲೆಕ್ಕ ನೋಡಿದ್ದೀರಾ? ನಮ್ಮ ಚಾನೆಲ್‌ಗಳಲ್ಲಿ ಎಲ್ಲರಿಗೂ ಎಲ್ಲ ಗೊತ್ತು. ಮುಂದಿನ ವರ್ಷ ಏನಾಗುತ್ತೆ ಅಂತಲೂ ಗೊತ್ತು. ಇವತ್ತು ಈ ಹುಡುಗ ನನ್ನ ಸ್ಟುಡಿಯೋಗೆ ಬಂದಿದ್ದರೆ ನಾನೇ ಹೇಳುತ್ತಿದ್ದೆನೇನೋ, "ಗೊತ್ತಿಲ್ಲ ಅನ್ನೋದನ್ನ ಕಟ್ ಮಾಡೋಣಪ್ಪ, ಕೊನೇ ಸಾಲು ಮಾತ್ರ ಇಟ್ಕೊಳ್ಳೋಣ."

ಕತ್ತರಿಸಿದ್ದರೆ ಹಾಳಾಗುತ್ತಿತ್ತು. ಎರಡು ಸಲ ಗೊತ್ತಿಲ್ಲ ಅಂದವನು ಮೂರನೇ ಸಲ ಗೊತ್ತು ಅಂದಾಗಲೇ ನಮಗೆ ನಂಬಿಕೆ ಬರುವುದು.

ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ. 2023ರ ಜುಲೈ ನೆನಪಿದೆಯಾ? ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2000 ರೂಪಾಯಿ ದಾಟಿತ್ತು. ತೋಟಕ್ಕೆ ರಾತ್ರಿ ಕಾವಲು ಕೂತ ಕಾಲ. ಆಗ ನನ್ನ ಫೋನಿಗೆ ಸಾಕ್ಷಿ ವಿಡಿಯೋಗಳು ಬಂದವೇ ಬಂದವು. ದೇವರು ನನ್ನ ಬೆಳೆ ಆಶೀರ್ವದಿಸಿದ, ಸಾಲ ತೀರಿತು, ಬೋರ್ ಹಾಕಿಸಿದೆ. ಸಂತೋಷ. ನಿಜವಾಗಿಯೂ ಸಂತೋಷ. ಆದರೆ ಇದೇ ಊರಿನಲ್ಲಿ ರೇಟು ಬಿದ್ದು, ಕೀಳುವ ಕೂಲಿಯೂ ಹುಟ್ಟದೆ, ಟ್ರ್ಯಾಕ್ಟರ್‌ಗಟ್ಟಲೆ ರಸ್ತೆ ಬದಿಗೆ ಸುರಿದಿದ್ದನ್ನು ನೀವೆಲ್ಲ ಕಂಡಿದ್ದೀರಿ. ಆ ವಾರ ಯಾರಾದರೂ ಸಾಕ್ಷಿ ಕಳಿಸಿದರಾ? ಆ ವಾರ ಅದೇ ರೈತ ಸಭೆಗೆ ಬಂದಿರುತ್ತಾನೆ. ಬಂದು, ಹಿಂದೆ ಕೂತು, ಕಾಣಿಕೆ ತಟ್ಟೆಗೆ ಹತ್ತು ರೂಪಾಯಿ ಹಾಕಿ ಹೋಗಿರುತ್ತಾನೆ. ಅವನ ಮುಂದೆ ನಾವು ಮೈಕ್ ಹಿಡಿಯುವುದಿಲ್ಲ.

ಬೈಬಲಿನಲ್ಲಿ ಹಬಕ್ಕೂಕ ಪ್ರವಾದಿಯ ಪುಸ್ತಕದ ಕೊನೆಗೆ ಒಂದು ಹಾಡಿದೆ. ಅಂಜೂರ ಚಿಗುರದಿದ್ದರೂ, ದ್ರಾಕ್ಷಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಪಡುತ್ತೇನೆ ಅಂತ. ಅಂಜೂರ ತೆಗೆದು ಟೊಮೆಟೊ ಇಡಿ, ದ್ರಾಕ್ಷಿ ತೆಗೆದು ಶ್ರೀನಿವಾಸಪುರದ ಮಾವು ಇಡಿ. ಇದು ಕೋಲಾರದ ಹಾಡು. ರಸ್ತೆಗೆ ಸುರಿದ ಟೊಮೆಟೊ ಪಕ್ಕ ನಿಂತು ಒಬ್ಬ ರೈತ ಇದನ್ನು ಓದಿದರೆ, ನಿಮ್ಮ ಹಿನ್ನೆಲೆ ಸಂಗೀತವೂ ಬೇಡ, ಡ್ರೋನ್ ಶಾಟೂ ಬೇಡ. ಓದಲಾರೆ ಅಂದರೆ ಅದನ್ನೂ ಬಿಡಿ. ಅವನಿಗೆ ಸಂತೋಷ ಇಲ್ಲ ಅಂದರೆ ಇಲ್ಲ. ಅವನ ಬಾಯಿಂದ ಹಬಕ್ಕೂಕನನ್ನು ಹೊರಡಿಸುವುದು ನಮ್ಮ ಕೆಲಸ ಅಲ್ಲ.

ಬೈಬಲ್ ವಚನದ ಪೋಸ್ಟರ್‌ಗಳ ಬಗ್ಗೆ ಒಂದು ಮಾತು. ನಿಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಪಿಯುಸಿ ರಿಸಲ್ಟ್ ದಿನ ಯೆರೆಮೀಯ 29:11 ಇಲ್ಲದ ಸ್ಟೇಟಸ್ ತೋರಿಸಿ ನೋಡೋಣ! ನಿಮ್ಮ ವಿಷಯದಲ್ಲಿ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದರದು ಅನ್ನುವ ವಚನ. ಹಿಂದೆ ಸೂರ್ಯೋದಯ, ಇಲ್ಲ ಹಿಮ ಬಿದ್ದ ಪೈನ್ ಮರ. ಕೋಲಾರದಲ್ಲಿ ಹಿಮ!

ಆ ವಚನ ಒಂದು ಪತ್ರದ ಸಾಲು. ಊರು ಕಳೆದುಕೊಂಡು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಪ್ರವಾದಿ ಯೆರೂಸಲೇಮಿನಿಂದ ಬರೆದದ್ದು. ಅದರ ಹಿಂದಿನ ಸಾಲೇ ಹೇಳುತ್ತದೆ, ಎಪ್ಪತ್ತು ವರ್ಷ ತುಂಬಿದ ಮೇಲೆ ಅಂತ. ಎಪ್ಪತ್ತು! ಪತ್ರ ಕೇಳಿಸಿಕೊಂಡ ಅಪ್ಪ ಅಮ್ಮಂದಿರು ವಾಪಸ್ ಊರು ನೋಡುವುದಿಲ್ಲ ಅಂತಲೇ ಅರ್ಥ. ಅದಕ್ಕೂ ಮುಂಚೆ ಏನು ಬರೆದಿದ್ದಾನೆ? ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ.

ಅದರ ಹಿಂದಿನ ಅಧ್ಯಾಯ ಇನ್ನೂ ಸೊಗಸು. 28. ಅಲ್ಲಿ ಹನನ್ಯ ಅಂತ ಒಬ್ಬ ಪ್ರವಾದಿ ಬರುತ್ತಾನೆ. ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ತಿರುಗುತ್ತಿರುತ್ತಾನೆ, ಬಾಬೆಲಿನ ನೊಗ ಇನ್ನೂ ಇದೆ ಅಂತ ತೋರಿಸಲು. ಹನನ್ಯ ಎಲ್ಲ ಜನರ ಎದುರಿಗೆ ಆ ನೊಗ ಕಿತ್ತು ಮುರಿದು ಹಾಕುತ್ತಾನೆ. ಎರಡೇ ವರ್ಷ, ಎಲ್ಲ ವಾಪಸ್ ಬರುತ್ತೆ ಅನ್ನುತ್ತಾನೆ. ವಿಡಿಯೋ ಮಾಡುವವನಾಗಿ ಹೇಳುತ್ತೇನೆ, ಅದು ಅದ್ಭುತ ಶಾಟ್. ಜನ ಇದ್ದಾರೆ, ಮರ ಮುರಿಯುವ ಸದ್ದಿದೆ, ಚಿಕ್ಕ ಭರವಸೆಯ ಮಾತಿದೆ. ಮೂವತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎಪ್ಪತ್ತು ವರ್ಷ ಕಾಯಿರಿ ಅನ್ನುವ ಪತ್ರವನ್ನು ಯಾರು ಶೇರ್ ಮಾಡುತ್ತಾರೆ? ಆದರೆ ನನಗೆ ಇಷ್ಟವಾಗುವುದು ಯೆರೆಮೀಯ ಅಲ್ಲಿ ಮೊದಲು ಹೇಳಿದ ಮಾತು. ಆಮೆನ್, ಕರ್ತನು ಹಾಗೇ ಮಾಡಲಿ ಅಂದ. ಅವನಿಗೂ ಹನನ್ಯ ಹೇಳಿದ್ದೇ ನಿಜ ಆಗಲಿ ಅಂತ ಆಸೆ ಇತ್ತು. ಆಸೆ ಇದ್ದರೂ ತನಗೆ ತಿಳಿದದ್ದನ್ನೇ ಬರೆದ.

ಹಾಗಂತ ರಿಸಲ್ಟ್ ದಿನ ಆ ವಚನ ಹಾಕಬೇಡಿ ಅನ್ನುತ್ತಿಲ್ಲ. ಹಾಕಿ, ಜೊತೆಗೆ ಹತ್ತನೇ ವಚನವನ್ನೂ ಹಾಕಿ. ಫೇಲಾದ ಹುಡುಗನೂ ಅದೇ ಸ್ಟೇಟಸ್ ನೋಡುತ್ತಿರುತ್ತಾನೆ. ಅವನಿಗೆ ಹನ್ನೊಂದನೆಯದಕ್ಕಿಂತ ಹತ್ತನೆಯದೇ ಜಾಸ್ತಿ ಉಪಯೋಗಕ್ಕೆ ಬಂದೀತು. ಜಿಮ್ ಫೋಟೋಗೆ ಫಿಲಿಪ್ಪಿ 4:13, ನನ್ನನ್ನು ಬಲಪಡಿಸುವವನಿಂದ ಎಲ್ಲವನ್ನೂ ಮಾಡಬಲ್ಲೆ ಅನ್ನುವ ವಚನ, ಹಾಕುವವರೂ ಹನ್ನೆರಡನೇ ವಚನ ಒಮ್ಮೆ ಓದಿ. ಅಪೊಸ್ತಲ ಪೌಲ ಜೈಲಿನಿಂದ ಬರೆದದ್ದು ಅದು, ಹಸಿವಿನ ಬಗ್ಗೆ.

ಭಾಷೆಗೆ ಬರೋಣ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ, ಹೇಳಿಬಿಡುತ್ತೇನೆ.

ಒಬ್ಬ ಹುಡುಗ ನನ್ನ ಸ್ಟುಡಿಯೋಗೆ ಬಂದ. ಬಂಗಾರಪೇಟೆ ಕಡೆಯವನು. ಬಾಗಿಲಲ್ಲಿ ಫೋನ್‌ನಲ್ಲಿ ಅಮ್ಮನ ಹತ್ತಿರ ಮಾತಾಡುತ್ತಿದ್ದ. "ಅಮ್ಮೋ, ಬಸ್ಸು ಸಿಕ್ಕಿಲ್ಲ, ಲೇಟಾಯ್ತದೆ, ನೀನು ಉಂಡು ಮಲ್ಕೋ." ಎಂಥ ಚೆಂದದ ಮಾತು. ಒಳಗೆ ಬಂದು ಕ್ಯಾಮೆರಾ ಮುಂದೆ ಕೂತ. ಕೆಂಪು ಲೈಟ್ ಹತ್ತಿತು. "ಪ್ರಿಯ ದೇವಜನರೇ, ಈ ದಿನದಲ್ಲಿಯೂ ಸಹ ನಾವು ಆಶೀರ್ವದಿಸಲ್ಪಟ್ಟವರಾಗಿ ಕಾಣಲ್ಪಡುತ್ತಿದ್ದೇವೆ..." ದನಿಯೂ ಬೇರೆ, ಗಂಟಲು ದಪ್ಪ. ನಾನು ಹೆಡ್‌ಫೋನ್ ತೆಗೆದು ಹೊರಗೆ ನೋಡಿದೆ, ಯಾರಾದರೂ ಬೇರೆಯವರು ಬಂದರಾ ಅಂತ.

ಅವನ ತಪ್ಪಲ್ಲ ಅದು. ನಮ್ಮ ಕಡೆ ಬೋಧನೆಗಳು ಇಂಗ್ಲಿಷಿನಿಂದ, ತಮಿಳಿನಿಂದ, ತೆಲುಗಿನಿಂದ ತರ್ಜುಮೆ ಆಗಿ ಬಂದು ಬಂದು, ಆ ತರ್ಜುಮೆಯ ಕನ್ನಡವೇ ಭಕ್ತಿಯ ಕನ್ನಡ ಅಂತ ಆಗಿಬಿಟ್ಟಿದೆ. ಕೆಜಿಎಫ್‌ನಲ್ಲಿ ತಮಿಳು, ಆಂಧ್ರದ ಗಡಿ ಕಡೆ ತೆಲುಗು, ನಡುವೆ ನಮ್ಮ ಕನ್ನಡ. ಮೂರು ಭಾಷೆ ಇರುವುದು ಕೊರತೆ ಅಲ್ಲ. ನಮ್ಮ ಸಭೆಯಲ್ಲೇ ಒಬ್ಬ ಅಜ್ಜಿ ತೆಲುಗಿನಲ್ಲಿ ಪ್ರಾರ್ಥನೆ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಅದು ಅವರ ಮಾತೇ, ಯಾರಿಂದಲೂ ಸಾಲ ತಂದದ್ದಲ್ಲ. ತೊಂದರೆ ಇರುವುದು ಯಾರೂ ಎಲ್ಲೂ ಆಡದ ಮಾತಿನಲ್ಲಿ.

ಕನ್ನಡದ ಮೊದಲ ಪತ್ರಿಕೆ ಯಾವುದು? ಮಂಗಳೂರ ಸಮಾಚಾರ, 1843ರ ಜುಲೈ 1. ಅದಕ್ಕೇ ನಮ್ಮ ರಾಜ್ಯದಲ್ಲಿ ಆ ದಿನ ಪತ್ರಿಕಾ ದಿನ. ತಂದವರು ಬಾಸೆಲ್ ಮಿಷನ್ನಿನ ಹೆರ್ಮನ್ ಮೊಗ್ಲಿಂಗ್. ಒಬ್ಬ ಪಾದ್ರಿ ಮೊದಲ ಪತ್ರಿಕೆ ಮಾಡುವಾಗ ಏನು ಹಾಕಬಹುದು? ಬರೀ ಬೋಧನೆ ಅಲ್ವಾ? ಅವರು ಊರ ವರ್ತಮಾನ ಹಾಕಿದರು, ಸರ್ಕಾರದ ಕಾನೂನಿನ ಸುದ್ದಿ ಹಾಕಿದರು, ಕತೆ ಹಾಕಿದರು. ಜನಕ್ಕೆ ಬೇಕಾದದ್ದು ಕೊಟ್ಟರು. ಅದೇ ಮಿಷನ್ನಿನ ಕಿಟ್ಟೆಲ್ ಸಾಹೇಬರು 1853ರಲ್ಲಿ ಬಂದವರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಸುಮಾರು 70,000 ಪದ. ಅದರಲ್ಲಿ ಪಂಡಿತರ ಪದಗಳ ಪಕ್ಕದಲ್ಲೇ ಹಳ್ಳಿಯವರ ಗಾದೆಗಳೂ ಇವೆ. ಜರ್ಮನಿಯಿಂದ ಬಂದವರು ನಮ್ಮ ಮಾತನ್ನು ಅಷ್ಟು ಕಿವಿಗೊಟ್ಟು ಕೇಳಿದರು. ನಾವು ಇಲ್ಲೇ ಹುಟ್ಟಿ 'ಕಾಣಲ್ಪಡುತ್ತಿದ್ದೇವೆ'.

ಆ ಹುಡುಗನಿಗೆ ನಾನು ಒಂದೇ ಹೇಳಿದೆ. ಕ್ಯಾಮೆರಾ ಹಿಂದೆ ಸ್ಟೂಲ್ ಹಾಕಿ, ಅದರ ಮೇಲೆ ಅವನ ಫೋನ್ ಇಟ್ಟು, ಸ್ಕ್ರೀನ್ ಮೇಲೆ ಅವರಮ್ಮನ ಫೋಟೋ ತೆಗೆದಿಟ್ಟೆ. ಅವರಿಗೆ ಹೇಳು ಅಂದೆ. ನಾಲ್ಕನೇ ಟೇಕ್‌ಗೆ ಸರಿಹೋಯಿತು.

ಟೈಪಿಂಗ್ ಬಗ್ಗೆ ಒಂದು ಸಣ್ಣ ವಿಷಯ. ಸಭೆಯ ಹಳೇ ಕರಪತ್ರಗಳು ನುಡಿ, ಶ್ರೀಲಿಪಿಯಂಥ ಹಳೇ ಫಾಂಟ್‌ಗಳಲ್ಲಿ ಇರುತ್ತವೆ. ಅದನ್ನು ನೇರವಾಗಿ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಮಂಗನ ಭಾಷೆ ಬರುತ್ತದೆ. ಎಲ್ಲ ಫೋನ್‌ಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಾಯಿಸಿ ಹಾಕಿ. ಬದಲಾಯಿಸಿದ ಮೇಲೆ ಒತ್ತಕ್ಷರ ಸರಿ ಇದೆಯಾ ನೋಡಿ. ಕ್ರಿಸ್ತ ಅನ್ನುವ ಪದವೇ ಒಡೆದುಹೋದ ಪೋಸ್ಟರ್ ಕ್ರಿಸ್‌ಮಸ್ ದಿನ ನನ್ನ ಕೈಗೆ ಬಂದಿದೆ.

ಇನ್ನು ಹೇಳಲೇಬೇಕಾದ ಒಂದು ವಿಷಯ. ಇದನ್ನು ಹೇಳಲೋ ಬೇಡವೋ ಅಂತ ಬಸ್ಸಿನಲ್ಲಿ ಬರುವಾಗಲೂ ಯೋಚನೆ ಮಾಡುತ್ತಿದ್ದೆ.

ಒಂದು ಹಳ್ಳಿಯ ಪ್ರಾರ್ಥನಾ ಕೂಟದಲ್ಲಿ ಒಬ್ಬ ತಾಯಿ ಸಾಕ್ಷಿ ಹೇಳಿದರು. ಗಂಡನ ಕುಡಿತ, ಹೊಡೆತ, ಒಂದು ರಾತ್ರಿ ಬಾವಿ ಹತ್ತಿರ ಹೋಗಿ ವಾಪಸ್ ಬಂದದ್ದು, ಈಗ ಅವನು ಕುಡಿತ ಬಿಟ್ಟಿದ್ದಾನೆ ಅನ್ನುವುದು. ಹತ್ತು ಹನ್ನೆರಡು ಜನ ಕೂತಿದ್ದೆವು. ಎಲ್ಲರ ಕಣ್ಣಲ್ಲೂ ನೀರು. ನಾನು ರೆಕಾರ್ಡ್ ಮಾಡಿದ್ದೆ. ಅವರ ಎದುರಿಗೇ ಮಾಡಿದ್ದು, ಬೇಡ ಅನ್ನಲಿಲ್ಲ. ಹಾಗಾದರೆ ಒಪ್ಪಿಗೆ ಅಂದುಕೊಂಡೆ. ರಾತ್ರಿ ಎಡಿಟ್ ಮಾಡಿ, ಪಿಯಾನೋ ಸೇರಿಸಿ, ಬೆಳಿಗ್ಗೆ ಹಾಕಿದೆ. ಹೆಡ್ಡಿಂಗ್ ಬೇರೆ ಕೊಟ್ಟಿದ್ದೆ, 'ಬಾವಿಯ ಬಳಿ ನಡೆದದ್ದೇನು?' ಅಂತ.

ಹಳ್ಳಿಯಲ್ಲಿ ಬೆಳಿಗ್ಗೆ ಎಲ್ಲರೂ ಸೇರುವ ಜಾಗ ಹಾಲಿನ ಡೈರಿ. ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರ ಕೈಯಲ್ಲೆಲ್ಲ ಫೋನ್. ಮೂರನೇ ದಿನ ಆ ತಾಯಿ ಡೈರಿಗೆ ಹೋದರೆ, ಮುಂದೆ ನಿಂತಿದ್ದ ಇಬ್ಬರು ಆ ವಿಡಿಯೋ ನೋಡುತ್ತಿದ್ದರು. ಅವರದೇ ದನಿ ಅವರಿಗೆ ಕೇಳಿಸಿತು. ಅದೇ ವಾರ ಮಗಳನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲಿಲ್ಲ. ಗಂಡ ಮತ್ತೆ ಕುಡಿಯಲು ಶುರು ಮಾಡಿದನಾ ಅಂತ ಕೇಳುತ್ತೀರಿ. ಇಲ್ಲ, ಅವನು ಕುಡಿಯಲಿಲ್ಲ. ಆದರೆ ಸಭೆಗೆ ಬರುವುದನ್ನು ಬಿಟ್ಟ.

ಆ ತಾಯಿ ಬಸ್ಸು ಹತ್ತಿ ನನ್ನ ಸ್ಟುಡಿಯೋಗೆ ಬಂದರು. ಬೈಯಲಿಲ್ಲ. ಕೂತ್ಕೊಳ್ಳಿ ಅಂದರೂ ಕೂರಲಿಲ್ಲ. "ಅಣ್ಣಾ, ನಾನು ದ್ಯಾವ್ರ ಮುಂದೆ ಹೇಳ್ದೆ. ಊರ್ ಮುಂದೆ ಹೇಳ್ಲಿಲ್ಲ" ಅಂದರು. ನಾನು ಅವರ ಎದುರಿಗೇ ಡಿಲೀಟ್ ಮಾಡಿದೆ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ಹೋದದ್ದನ್ನು ಯಾರು ವಾಪಸ್ ತರುತ್ತಾರೆ? ಈಗಲೂ ಆ ವಿಡಿಯೋ ಎಲ್ಲೋ ತಿರುಗುತ್ತಿದೆ. ಹೋದ ವರ್ಷ ತುಮಕೂರಿನ ಒಬ್ಬರು ಅದನ್ನು ನನಗೇ ಫಾರ್ವರ್ಡ್ ಮಾಡಿದ್ದರು, ನೋಡಿ ಬ್ರದರ್, ಎಂಥ ಸಾಕ್ಷಿ ಅಂತ.

ಅಲ್ಲಿಂದ ಈಚೆಗೆ ನಾನು ಹೀಗೆ ಮಾಡುತ್ತೇನೆ. ಸಾಕ್ಷಿ ಹೇಳಿದ ದಿನ ಅಪ್‌ಲೋಡ್ ಇಲ್ಲ. ಒಂದು ವಾರ ಬಿಟ್ಟು, ಎಡಿಟ್ ಆದದ್ದನ್ನು ಅವರ ಮನೆಯಲ್ಲೇ ತೋರಿಸುತ್ತೇನೆ. ಮನೆಯವರೂ ಜೊತೆಗಿರಬೇಕು. ಕತೆಯಲ್ಲಿ ಬೇರೆ ಯಾರಾದರೂ ಇದ್ದರೆ, ಗಂಡ, ಅತ್ತೆ, ಪಕ್ಕದ ಮನೆಯವರು, ಅವರ ಭಾಗ ತೆಗೆಯುತ್ತೇನೆ, ಇಲ್ಲ ಅವರನ್ನೂ ಕೇಳುತ್ತೇನೆ. ಅರ್ಧಕ್ಕರ್ಧ ವಿಡಿಯೋಗಳು ಇಲ್ಲೇ ನಿಂತುಹೋಗುತ್ತವೆ. ಹೋಗಲಿ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಕುಷ್ಠ ವಾಸಿಯಾದವನಿಗೆ ಯೇಸು ಸ್ವಾಮಿ ಏನು ಹೇಳಿದರು? ಯಾರಿಗೂ ಏನೂ ಹೇಳಬೇಡ ಅಂದರು. ನಮ್ಮ ಮೀಡಿಯಾ ಟೀಮ್‌ಗಳು ಆ ವಚನವನ್ನು ಓದಿಯೇ ಇಲ್ಲವೇನೋ ಅನ್ನಿಸುತ್ತದೆ.

ಮಕ್ಕಳ ವಿಷಯ ಇನ್ನೂ ಕಟ್ಟುನಿಟ್ಟು. ಹಾಸ್ಟೆಲ್, ಮಕ್ಕಳ ಮನೆ ಇವುಗಳಿಗೆ ಹೋಗಿ, ಬಿಸ್ಕೆಟ್ ಹಂಚಿ, ಮಗುವಿನ ಮುಖ ಹತ್ತಿರದಿಂದ ತೆಗೆದು, 'ಅಪ್ಪ ಅಮ್ಮ ಇಲ್ಲದ ಕಂದ' ಅಂತ ಹಾಕುತ್ತೀರಿ. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪೋಷಣೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಸಿಗುವಂಥ ಹೆಸರು, ಫೋಟೋ ಹೊರಗೆ ಹಾಕುವುದನ್ನು ತಡೆಯುತ್ತದೆ. ಕಾನೂನು ಬಿಡಿ, ಆ ಮಗು ನಾಳೆ ಕಾಲೇಜಿಗೆ ಹೋಗುತ್ತದೆ ಅಲ್ವಾ?

ರೋಗ ವಾಸಿಯಾದ ಸಾಕ್ಷಿಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜ್ವರ ಹೋಯಿತು, ಗಡ್ಡೆ ಕರಗಿತು ಅಂತ ಹೇಳುವವರನ್ನು ನಾನು ತಡೆಯುವುದಿಲ್ಲ. ಆದರೆ ಜೊತೆಗೆ ಆಸ್ಪತ್ರೆಗೆ ಹೋಗಿದ್ದರೆ, ಮಾತ್ರೆ ನುಂಗಿದ್ದರೆ, ಅದನ್ನೂ ಸೇರಿಸಿ ಹೇಳಿಸಿ. ಅದನ್ನು ಕತ್ತರಿಸಿದರೆ ಅದು ಸಾಕ್ಷಿ ಅಲ್ಲ, ಜಾಹೀರಾತು. ಮಂತ್ರ, ತಾಯಿತದಂಥವುಗಳಿಂದ ರೋಗ ವಾಸಿಯಾಗುತ್ತದೆ ಅಂತ ಜಾಹೀರಾತು ಮಾಡುವುದನ್ನು ತಡೆಯಲು 1954ರಲ್ಲೇ ಕಾಯ್ದೆ ಬಂದಿದೆ. ಪ್ರಾರ್ಥನೆ ಮಾಡಿದ ಎಣ್ಣೆ ಅಂತ ಬಾಟಲಿಗೆ ರೇಟು ಹಾಕುವವರು ಅದನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು. ನಮ್ಮ ಕೋಲಾರದ ಇಟಿಸಿಎಂ ಆಸ್ಪತ್ರೆ ಶುರು ಮಾಡಿದ್ದು ಮೆಥಡಿಸ್ಟ್ ಮಿಷನ್. ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಶುರುವಾದದ್ದು ಲಂಡನ್ ಮಿಷನ್ ಕಾಲದಲ್ಲಿ. ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದ ಜನವೇ ಎದ್ದು ಹೋಗಿ ಆಪರೇಷನ್ ಥಿಯೇಟರ್ ಕಟ್ಟಿದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಅವರೇನೂ ಹೇಳಲಿಲ್ಲ.

ಸುಳ್ಳು ಫಾರ್ವರ್ಡ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ನಿಮಗೇ ಗೊತ್ತು. ಎಲ್ಲೋ ದೂರದ ದೇಶದ ಹಳೇ ಬೆಂಕಿಯ ಫೋಟೋ, 'ನಮ್ಮ ಸಭೆ ಸುಟ್ಟರು, ಹತ್ತು ಜನಕ್ಕೆ ಕಳಿಸಿ' ಅಂತ. 2018ರಲ್ಲಿ ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಅಂತ ಮಾಡಿತು. 2020ರಲ್ಲಿ, ತುಂಬಾ ತಿರುಗಿದ ಮೆಸೇಜ್ ಆದರೆ ಒಂದೇ ಚಾಟ್‌ಗೆ ಅಂತ ಇಳಿಸಿತು. ಎರಡು ಬಾಣದ ಗುರುತು ಕಂಡರೆ ಅಲ್ಲೇ ನಿಲ್ಲಿ. ಇದೇನೂ ಹೊಸ ರೋಗ ಅಲ್ಲ. ಬೈಬಲಿನಲ್ಲಿ ಪೌಲ ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರದಲ್ಲಿ, ನಾವು ಬರೆದದ್ದು ಅಂತ ಯಾವುದಾದರೂ ಪತ್ರ ಬಂದರೆ ಗಾಬರಿಯಾಗಬೇಡಿ ಅನ್ನುವ ಮಾತಿದೆ. ಆಗಲೇ ಫೇಕ್! ಅದೇ ಪತ್ರದ ಕೊನೆಗೆ, ಈ ವಂದನೆ ನನ್ನ ಕೈಯಾರೆ ಬರೆದದ್ದು, ನನ್ನ ಎಲ್ಲ ಪತ್ರಗಳಿಗೂ ಇದೇ ಗುರುತು ಅನ್ನುತ್ತಾನೆ ಪೌಲ. ಪೌಲ ಬಾಯಲ್ಲಿ ಹೇಳಿ ಬೇರೆಯವರ ಕೈಯಲ್ಲಿ ಬರೆಸುತ್ತಿದ್ದದ್ದೂ ಉಂಟು. ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ ಬರೆದುಕೊಂಡ ತೆರ್ತ್ಯನೇ ಒಂದು ಸಾಲು ತನ್ನ ಹೆಸರಿನಲ್ಲಿ ಸೇರಿಸಿದ್ದಾನೆ. ಯಾರು ಹೇಳಿದ್ದು, ಯಾರು ಬರೆದದ್ದು ಎರಡೂ ಅಲ್ಲೇ ಇದೆ.

ಎಐ ಬಳಸಬಹುದಾ ಅಂತ ಬೆಳಿಗ್ಗೆ ಒಬ್ಬರು ಕೇಳಿದರು. ತೆರ್ತ್ಯನ ಹಾಗೆ ಹೆಸರು ಹಾಕುವುದಾದರೆ ಬಳಸಿ. ನಿಜದ ಹಾಗೆ ಕಾಣುವ ದೃಶ್ಯವನ್ನು ಎಐನಲ್ಲಿ ಮಾಡಿದರೆ ಅಪ್‌ಲೋಡ್ ಮಾಡುವಾಗಲೇ ತಿಳಿಸಬೇಕು ಅಂತ ಯೂಟ್ಯೂಬ್ 2024ರಲ್ಲಿ ನಿಯಮ ತಂದಿದೆ. ಆದರೆ ಒಂದು ಕೇಳುತ್ತೇನೆ. ನಿಮಗೆ ಕುರುಬನ ಚಿತ್ರ ಬೇಕು ಅಂತಿಟ್ಟುಕೊಳ್ಳಿ. ನೀಲಿ ಕಣ್ಣಿನ, ಇಸ್ತ್ರಿ ಮಾಡಿದ ನಿಲುವಂಗಿಯ ಕುರುಬನನ್ನು ಫೋನ್ ಕೊಡುತ್ತದೆ. ಅಂತರಗಂಗೆ ಬೆಟ್ಟದ ಕೆಳಗೆ ಬೇಸಿಗೆಯಲ್ಲಿ ಕಂಬಳಿ ಹೊದ್ದು ಕುರಿ ಹೊಡೆದುಕೊಂಡು ಹೋಗುವವರು ಇದ್ದಾರಲ್ಲ! ಅವರನ್ನು ಒಂದು ಬೀಡಿ ಹಚ್ಚುವಷ್ಟು ಹೊತ್ತು ಮಾತಾಡಿಸಿ. ಕಳೆದ ಕುರಿ ಹುಡುಕುವುದು ಅಂದರೆ ಏನು, ಎಷ್ಟು ಹೊತ್ತು ಹುಡುಕುತ್ತಾರೆ, ಉಳಿದ ಕುರಿಗಳನ್ನು ಯಾರ ಹತ್ತಿರ ಬಿಡುತ್ತಾರೆ ಅಂತ ಕೇಳಿ. ನಾನು ಕೇಳಿದ್ದೇನೆ. "ಕತ್ಲಾದ್ ಮ್ಯಾಲೆ ಹುಡ್ಕಾದು ಕಣ್ಣಲ್ಲ ಸಾಮಿ, ಕಿವೀಲಿ" ಅಂದರು. ಇಷ್ಟು ವರ್ಷ ಯೇಸು ಸ್ವಾಮಿ ಹೇಳಿದ ಕಳೆದ ಕುರಿಯ ಸಾಮ್ಯದ ಬಗ್ಗೆ, ಆ ಕತೆಯ ಬಗ್ಗೆ, ಬೋಧನೆ ಕೇಳಿದ್ದೇನೆ, ಇದನ್ನು ಯಾರೂ ಹೇಳಿರಲಿಲ್ಲ.

ಕಮೆಂಟ್‌ಗಳ ಬಗ್ಗೆ. 'ಮತಾಂತರ ಮಾಡೋಕೆ ಬಂದ್ರಾ' ಅಂತ ಬರೆಯುವವರು ಇದ್ದೇ ಇರುತ್ತಾರೆ. ಜಗಳಕ್ಕೆ ಹೋಗಬೇಡಿ, ಆದರೆ ಜಗಳ ಎಲ್ಲಿಂದ ಶುರುವಾಯಿತು ಅಂತಲೂ ನೋಡಿ. ನಮ್ಮವರೇ ಇನ್ನೊಬ್ಬರ ಹಬ್ಬ, ಇನ್ನೊಬ್ಬರ ದೇವರನ್ನು ಹಿಡಿದು ಹೋಲಿಸಿ ಮಾತಾಡಿದ ವಿಡಿಯೋಗಳು ಎಷ್ಟಿಲ್ಲ? ನನ್ನ ಸ್ಟುಡಿಯೋ ಪಕ್ಕದ ಅಂಗಡಿಯವರು ಪ್ರತಿ ವರ್ಷ ಅಯ್ಯಪ್ಪ ಮಾಲೆ ಹಾಕುತ್ತಾರೆ. ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಎಡಿಟ್ ಮಾಡುವಾಗ ಸ್ಪೀಕರ್ ಹಾಕಿಕೊಂಡೇ ಮಾಡುತ್ತೇನೆ. ಯಾವ ಸಾಲಿಗೆ ನನ್ನ ಕೈ ತಾನಾಗಿ ವಾಲ್ಯೂಮ್ ಕಡಿಮೆ ಮಾಡಲು ಹೋಗುತ್ತದೋ, ಆ ಸಾಲನ್ನು ತೆಗೆದುಬಿಡುತ್ತೇನೆ.

ಈಗ ಮೈಕ್. ಇಷ್ಟು ಹೊತ್ತು ಕಾದಿದ್ದೀರಿ. ಮೊದಲು ಸದ್ದು, ಆಮೇಲೆ ಚಿತ್ರ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳದಿದ್ದರೆ ಮೇಲಕ್ಕೆ ತಳ್ಳುತ್ತಾರೆ. ನಮ್ಮ ಹಳ್ಳಿ ಸಭೆಗಳಿಗೆ ಶೀಟ್ ಹೊದಿಕೆ, ಒಳಗೆ ಮಾತೆಲ್ಲ ಗುಂಯ್‌ಗುಡುತ್ತದೆ. ಫ್ಯಾನ್ ಆರಿಸಿ. ಹೇಳುವವರ ಹಿಂದೆ ಕ್ಯಾಮೆರಾಗೆ ಕಾಣದ ಕಡೆ ಎರಡು ಕಂಬಳಿ ನೇತುಹಾಕಿ. ಕಾಲರ್‌ಗೆ ಸಿಕ್ಕಿಸುವ ಸಣ್ಣ ಮೈಕ್ ಸಾಕು. ಅದೂ ಇಲ್ಲವಾದರೆ ಇನ್ನೊಂದು ಫೋನ್‌ನಲ್ಲಿ ರೆಕಾರ್ಡಿಂಗ್ ಹಾಕಿ ಅವರ ಅಂಗಿ ಜೇಬಿನಲ್ಲಿಡಿ. ಲೈಟ್ ಕೊಳ್ಳಬೇಡಿ, ಬಾಗಿಲ ಹತ್ತಿರ ಕೂರಿಸಿ.

ಹಾಡು ಹಾಕುವಾಗ ಜೋಪಾನ. ಬರೆದವರು ತೀರಿಕೊಂಡು 60 ವರ್ಷ ದಾಟಿದ ಕೀರ್ತನೆಗಳ ಸಾಹಿತ್ಯಕ್ಕೆ ನಮ್ಮ ದೇಶದಲ್ಲಿ ಕಾಪಿರೈಟ್ ಇರುವುದಿಲ್ಲ. ಆದರೆ ಅದನ್ನೇ ಯಾರೋ ಹೊಸದಾಗಿ ಹಾಡಿ ಬಿಡುಗಡೆ ಮಾಡಿದ ರೆಕಾರ್ಡಿಂಗ್‌ಗೆ ಇರುತ್ತದೆ. ನಿಮ್ಮ ಅಜ್ಜಿ ಹಾಡಲಿ. ರಾಗ ತಪ್ಪಲಿ, ಪರವಾಗಿಲ್ಲ.

ಏನನ್ನು ತೆಗೆಯುವುದು ಅಂತ ಕೇಳುತ್ತೀರಿ. ನಮ್ಮ ಸಭೆಗಳ ಸುಗ್ಗಿ ಹಬ್ಬ ತೆಗೆಯಿರಿ. ಹೊರಗಿನವರಿಗೆ ನಮ್ಮ ಬಗ್ಗೆ ಗೊತ್ತೇ ಇಲ್ಲದ ಹಬ್ಬ ಅದು. ರಾಗಿ ಮೂಟೆ, ಹುಣಸೆಹಣ್ಣು, ಹೊರೆ ಕೊತ್ತಂಬರಿ, ಕಾಲು ಕಟ್ಟಿದ ನಾಟಿ ಕೋಳಿ, ಎಲ್ಲ ಆಲ್ಟರ್ ಮುಂದೆ. ಆರಾಧನೆ ಮುಗಿದ ಮೇಲೆ ಹರಾಜು. ಹೋದ ಸಲ ಒಂದು ಕುಂಬಳಕಾಯಿ ನಮ್ಮಲ್ಲಿ ಮೂರು ಸಲ ಹರಾಜಾಯಿತು. ಕೊಂಡವರು ದುಡ್ಡು ಕೊಟ್ಟು ಮತ್ತೆ ಅಲ್ಲೇ ಇಡುವುದು, ಮತ್ತೆ ಕೂಗುವುದು. ಕೊನೆಗೆ ಅದನ್ನು ಒಬ್ಬ ವಿಧವೆ ತಾಯಿಯ ಮನೆಗೆ ಕಳಿಸಿದರು. ಯಾರು ಕಳಿಸಿದ್ದು ಅಂತ ನನಗೆ ಗೊತ್ತು, ಹೇಳುವುದಿಲ್ಲ. ವಿಡಿಯೋದಲ್ಲೂ ಹಾಕಿಲ್ಲ. ಮೂರು ಸಲ ಕೂಗಿದ್ದು ಮಾತ್ರ ಇದೆ.

ಪ್ರಶ್ನೆ ಒಂದು ಬಂದಿದೆ, ಚೀಟಿಯಲ್ಲಿ. "ಹೀಗೆಲ್ಲ ಮಾಡಿದರೆ ವ್ಯೂ ಬರುತ್ತಾ ಅಂಕಲ್?" ಕಡಿಮೆ ಬರುತ್ತಪ್ಪ. ಕುಂಬಳಕಾಯಿಯ ವಿಡಿಯೋ ನೋಡಿದವರು ನಮ್ಮ ಸಭೆಯವರು ಮತ್ತು ಅವರ ನೆಂಟರು, ಅಷ್ಟೇ. ಲಾರಿ ಡ್ರೈವರ್ ಅಣ್ಣನ ವಿಡಿಯೋಗೆ ಬಂದಷ್ಟು ಇನ್ನು ಯಾವುದಕ್ಕೂ ಬಂದಿಲ್ಲ. ಅವರು ಈಗ ಲಾರಿ ಬಿಟ್ಟಿದ್ದಾರೆ, ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕರು. ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಟೀ ಕುಡಿದೆವು. ನಾನು ಅವತ್ತಿನ ವಿಷಯ ಎತ್ತಿ, ತಪ್ಪಾಯ್ತು ಅಣ್ಣಾ ಅಂದೆ. "ಮೊದಲನೇ ಸಲದ್ದು ನಿನ್ನ ಹತ್ರ ಇಲ್ಲ ಅಲ್ವಾ?" ಅಂತ ಕೇಳಿದರು. ಇಲ್ಲ ಅಂದೆ. "ಒಳ್ಳೇದಾಯ್ತು ಬಿಡು" ಅಂದರು.

ಈಗ ಊಟಕ್ಕೆ ಮುಂಚೆ ಅರ್ಧ ಗಂಟೆ ಇದೆ. ಫೋನ್ ತೆಗೆದುಕೊಂಡು ಹೊರಗೆ ಹೋಗಿ, ಒಂದು ನಿಮಿಷದ್ದು ಏನಾದರೂ ಮಾಡಿಕೊಂಡು ಬನ್ನಿ. ಹಿಂದುಗಡೆ ನಾಲ್ಕು ಜನ ಅಮ್ಮಂದಿರು ಇನ್ನೂರು ಮುದ್ದೆ ಕಟ್ಟುತ್ತಿದ್ದಾರೆ. ತೆಗೆಯುವುದಾದರೆ ಮೊದಲು ಕೇಳಿ. ಬೇಡ ಅಂದರೆ ಫೋನ್ ಜೇಬಿಗೆ ಹಾಕಿ. ಆ ಸಾರಿನ ಪಾತ್ರೆ ಇಳಿಸಲು ಇಬ್ಬರು ಬೇಕಂತೆ, ಆಗಿನಿಂದ ಕೂಗುತ್ತಿದ್ದಾರೆ.